ದಿಬ್ಬದ ಮೇಲೆ ನಿಂತ ಗಾಡಿ

"ಗುರುಗಳೇ, ಒಬ್ಬ ಮನುಷ್ಯ ಒಂದು ಕೆಲಸಕ್ಕೆ ತಕ್ಕವನಲ್ಲ ಎಂದು ಯಾವಾಗ ತೀರ್ಮಾನಿಸಬೇಕು?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ನಿಜಗುಣ. ಆಶ್ರಮದ ಬೆಳಗಿನ ಪ್ರಾರ್ಥನೆಯನ್ನು ನಡೆಸುವವನು ಅವನೇ. ಆರು ತಿಂಗಳ ಹಿಂದೆ ಬಸಲಿಂಗಯ್ಯ ಎಂಬ ನಡುವಯಸ್ಸಿನವನೊಬ್ಬ ಆಶ್ರಮಕ್ಕೆ ಬಂದು ಸೇರಿದ್ದ. ಅವನು ಪ್ರಾರ್ಥನೆಯನ್ನು ಒಂದು ದಿನವೂ ತಪ್ಪಿಸಿದವನಲ್ಲ. ಆದರೆ ಎರಡು ಸಾಲು ಹಾಡಿ, ಸ್ವರ ಮೇಲೇರುವ ಮೂರನೆಯದಕ್ಕೆ ನಿಂತುಬಿಡುತ್ತಿದ್ದ. ನಿಜಗುಣ ಬಿಡಿಸಿ ಬಿಡಿಸಿ ಹೇಳಿಕೊಟ್ಟ. ಗದರಿಸಿದ. ಕೊನೆಗೆ ಹಿಂದೆ ಕೂರಿಸಿದ. ಇನ್ನು ಮುಂದೆ ಬರಬೇಡ ಎಂದು ಹೇಳುವುದೊಂದೇ ಬಾಕಿ ಇತ್ತು.

ಗುರುಗಳು "ಕೂತುಕೋ" ಎಂದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಬಯಲುನಾಡಿನ ಒಂದು ಊರಲ್ಲಿ ಕ್ರೀಡಾಂಗಣವಿತ್ತು. ಅಲ್ಲಿ ಹುಲಿಗೆಮ್ಮ ಎಂಬ ಹೆಂಗಸು ಕೆಲಸಕ್ಕಿದ್ದಳು. ಒಂಬತ್ತು ವರ್ಷ ಮೆಟ್ಟಿಲುಗಳನ್ನು ಗುಡಿಸಿದವಳು. ಆಮೇಲೆ ಮೂರು ವರ್ಷ ಮೈದಾನದ ಹುಲ್ಲು ನೋಡಿಕೊಳ್ಳುವ ಖಾಜಾಸಾಬರ ಜೊತೆಗಿದ್ದು, ನೀರು ಬಿಡುವುದು, ಕಳೆ ಕೀಳುವುದು, ಹುಲ್ಲು ಕತ್ತರಿಸುವ ಸಣ್ಣ ಟ್ರ್ಯಾಕ್ಟರನ್ನು ಬಿಚ್ಚಿ ಜೋಡಿಸುವುದು, ಎಲ್ಲವನ್ನೂ ಕಲಿತಳು. ಆ ಗಾಡಿಯನ್ನು ಓಡಿಸುವುದೊಂದನ್ನು ಮಾತ್ರ ಖಾಜಾಸಾಬರು ಯಾರಿಗೂ ಬಿಡುತ್ತಿರಲಿಲ್ಲ. ಎತ್ತರದ, ಭಾರೀ ಮೈಯ ಆಳು. ಸೀಟಿನ ಮೇಲೆ ಕುಳಿತರೆ ಗಾಡಿಯೇ ಒಮ್ಮೆ ಕುಗ್ಗುತ್ತಿತ್ತು.

ಖಾಜಾಸಾಬರು ಮಂಡಿನೋವು ಹೆಚ್ಚಾಗಿ ಕೆಲಸ ಬಿಟ್ಟರು. ಹೋಗುವಾಗ ಕೀಲಿಯನ್ನು ಹುಲಿಗೆಮ್ಮನ ಕೈಗೆ ಕೊಟ್ಟು ಹೋದರು. ಮೇಲ್ವಿಚಾರಕ ವಿರುಪಣ್ಣನಿಗೆ ಅದು ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಹೆಣ್ಣುಮಕ್ಕಳ ಹಾಕಿ ಪಂದ್ಯಾವಳಿಗೆ ಎಂಟು ದಿನ ಉಳಿದಿತ್ತು. ಬೇರೆಯವರನ್ನು ಹುಡುಕಲು ಸಮಯವಿರಲಿಲ್ಲ. "ಆಯ್ತು, ನೋಡೋಣ" ಎಂದ.

ಮೊದಲ ದಿನ ಹುಲಿಗೆಮ್ಮ ಗಾಡಿ ಏರಿದಳು. ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು. ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಕತ್ತರಿಸಿದ ಹುಲ್ಲಿನ ವಾಸನೆ ಎದ್ದಿತು. ಅವಳಿಗೆ ನಗು ಬಂತು. ಹತ್ತು ನಿಮಿಷವಾಗಿರಲಿಲ್ಲ, ಉತ್ತರದ ಗೋಲಿನ ಹತ್ತಿರ ಗಾಡಿ ನಿಂತುಹೋಯಿತು. ಮತ್ತೆ ಶುರು ಮಾಡಿದಳು. ಓಡಿತು. ಮತ್ತೆ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಅವಳು ಲೆಕ್ಕ ಇಡುವುದನ್ನು ಬಿಟ್ಟಳು.

ವಿರುಪಣ್ಣ ಬಂದು ತಾನೇ ಹತ್ತಿ ಕುಳಿತ. ಅವನೂ ಉಂಡು ಮೈಬಂದ ಮನುಷ್ಯ. ಮೈದಾನಕ್ಕೆ ಒಂದು ಪೂರ್ತಿ ಸುತ್ತು ಹಾಕಿದ. ಗಾಡಿ ಎಲ್ಲೂ ನಿಲ್ಲಲಿಲ್ಲ. ಇಳಿದವನೇ, "ಗಾಡಿಯಲ್ಲಿ ಏನೂ ಇಲ್ಲಮ್ಮ. ಇದಕ್ಕೂ ಒಂದು ಕೈಗುಣ ಬೇಕು" ಎಂದು ಹೇಳಿ ಹೋದ.

ಹುಲಿಗೆಮ್ಮ ಆ ಮಾತನ್ನು ನಂಬಲಿಲ್ಲ. ಪೆಟ್ರೋಲಿನಲ್ಲಿ ನೀರು ಸೇರಿರಬೇಕು ಎಂದುಕೊಂಡು ಟ್ಯಾಂಕ್ ಖಾಲಿ ಮಾಡಿ ಹೊಸದು ತುಂಬಿದಳು. ಗಾಡಿ ನಿಂತಿತು. ಏರ್ ಫಿಲ್ಟರನ್ನು ಬಿಚ್ಚಿ ಧೂಳು ಕೊಡವಿದಳು. ನಿಂತಿತು. ಪ್ಲಗ್ ತೆಗೆದು ಕರಿ ಉಜ್ಜಿದಳು, ಬ್ಯಾಟರಿಯ ತಂತಿಗಳನ್ನು ಬಿಗಿ ಮಾಡಿದಳು. ಆಗಲೂ ನಿಂತಿತು. ಮೂರು ದಿನ ಹೀಗೇ ಕಳೆಯಿತು. ನಡುನಡುವೆ ವಿರುಪಣ್ಣ ಬಂದು ಓಡಿಸುತ್ತಿದ್ದ. ಅವನ ಕೈಯಲ್ಲಿ ಗಾಡಿ ಒಮ್ಮೆಯೂ ನಿಲ್ಲುತ್ತಿರಲಿಲ್ಲ.

ಮೂರನೆಯ ದಿನ ಅವಳ ನಂಬಿಕೆ ಸಡಿಲವಾಯಿತು. ತನ್ನ ಕೈಯಲ್ಲೇ ಏನೋ ಇರಬೇಕು ಎನಿಸಿತು. ಸೀಟು ಕಂಡರೆ ಹೆದರಿಕೆಯಾಗತೊಡಗಿತು. ಬೇರೆಯವರ ಮನೆಯ ಕುರ್ಚಿಯ ಮೇಲೆ ಕೂತಂತೆ, ಅಂಚಿನಲ್ಲಿ ಹಗುರವಾಗಿ ಕೂರುತ್ತಿದ್ದಳು. ಹಾಗೆ ಕುಳಿತಷ್ಟೂ ಗಾಡಿ ಹೆಚ್ಚು ಹೆಚ್ಚು ನಿಲ್ಲುತ್ತಿತ್ತು. ಅರ್ಧ ಮೈದಾನ ಬೋಳಾಗಿ, ಅರ್ಧ ಬೆಳೆದುಕೊಂಡು, ನೋಡಿದವರು ನಗುವಂತಾಗಿತ್ತು. ಸಂಜೆ ವಿರುಪಣ್ಣ, "ನಾಳೆ ಸಂಜೆಯವರೆಗೆ ನೋಡುತ್ತೇನೆ. ಆಮೇಲೆ ನೀನು ಪೊರಕೆಗೇ ವಾಪಸ್ಸು" ಎಂದ.

ಮರುದಿನ ಬೆಳಿಗ್ಗೆ ಅವಳು ಯಾವ ಭಾಗವನ್ನೂ ಬಿಚ್ಚಲಿಲ್ಲ. ಗೆರೆ ಹಾಕುವ ಸುಣ್ಣದ ಪುಡಿಯನ್ನು ಒಂದು ಡಬ್ಬಿಯಲ್ಲಿ ತುಂಬಿಕೊಂಡು ಗಾಡಿ ಏರಿದಳು. ಗಾಡಿ ನಿಂತ ಕಡೆಯಲ್ಲೆಲ್ಲ ಇಳಿದು ಒಂದೊಂದು ಹಿಡಿ ಸುಣ್ಣ ಹಾಕಿದಳು. ಬಿಸಿಲೇರುವ ಹೊತ್ತಿಗೆ ಹನ್ನೊಂದು ಗುರುತುಗಳಾದವು. ಮೆಟ್ಟಿಲ ಮೇಲೆ ಹತ್ತಿ ನಿಂತು ನೋಡಿದಳು.

ಮೈದಾನದ ನಡುವೆ ಒಂದು ಗುರುತೂ ಇರಲಿಲ್ಲ. ನೀರಿನ ಕೊಳವೆ ಹಾದುಹೋದ ಕಡೆ ನೆಲ ಸ್ವಲ್ಪ ಉಬ್ಬಿ ದಿಬ್ಬವಾಗಿತ್ತು. ಎಂಟು ಗುರುತು ಅದರ ಮೇಲೇ ಸಾಲಾಗಿ ಬಿದ್ದಿದ್ದವು. ಮಿಕ್ಕ ಮೂರು ಮೂಲೆಯಲ್ಲಿ, ತಿರುವು ತೆಗೆದುಕೊಳ್ಳುವಲ್ಲಿ.

ಅವಳಿಗೆ ಇನ್ನೊಂದು ಸಂಗತಿ ಹೊಳೆಯಿತು. ಪೆಟ್ರೋಲ್ ಸಾಲದ ಎಂಜಿನ್ ಕೆಮ್ಮುತ್ತದೆ, ತಡವರಿಸುತ್ತದೆ, ಆಮೇಲೆ ಸಾಯುತ್ತದೆ. ಇದು ಹಾಗೆ ನಿಲ್ಲುತ್ತಿರಲಿಲ್ಲ. ದೀಪ ಆರಿಸಿದಂತೆ ಒಮ್ಮೆಲೇ ನಿಲ್ಲುತ್ತಿತ್ತು. ಇದು ತಾನಾಗಿ ಸಾಯುತ್ತಿಲ್ಲ, ಏನೋ ಇದನ್ನು ಆರಿಸುತ್ತಿದೆ ಎಂದುಕೊಂಡಳು.

ಮತ್ತೆ ಗಾಡಿ ಏರಿ ದಿಬ್ಬದ ಕಡೆ ನಿಧಾನವಾಗಿ ಹೋದಳು. ಈ ಸಲ ಎಂಜಿನ್ನಿಗೆ ಕಿವಿಗೊಡಲಿಲ್ಲ. ತನ್ನ ಮೈಯನ್ನೇ ಗಮನಿಸಿದಳು. ಚಕ್ರ ದಿಬ್ಬ ಹತ್ತಿತು. ಅವಳ ಮೈ ಸೀಟಿನಿಂದ ಬೆರಳಿನಷ್ಟು ಮೇಲೆದ್ದಿತು. ಎಂಜಿನ್ ನಿಂತಿತು.

ಹುಲಿಗೆಮ್ಮ ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀಟನ್ನು ಮೇಲೆತ್ತಿದಳು. ಕೆಳಗೆ ಎರಡು ದಪ್ಪ ಸ್ಪ್ರಿಂಗುಗಳು, ಅವುಗಳ ನಡುವೆ ಒಂದು ಸಣ್ಣ ಸ್ವಿಚ್ಚು. ಓಡಿಸುವವರು ಜಾರಿ ಬಿದ್ದರೆ ಬ್ಲೇಡು ಅವರನ್ನು ಕತ್ತರಿಸಬಾರದು. ಅದಕ್ಕೆ ಸೀಟು ಮೇಲೆದ್ದ ಕೂಡಲೇ ಆ ಸ್ವಿಚ್ಚು ಎಂಜಿನ್ನನ್ನು ಆರಿಸುತ್ತಿತ್ತು. ಖಾಜಾಸಾಬರು ಕುಳಿತರೆ ಸೀಟು ತಳಕ್ಕೆ ಬಡಿಯುತ್ತಿತ್ತೆಂದು ಯಾವಾಗಲೋ ಆ ಸ್ಪ್ರಿಂಗುಗಳನ್ನು ಕೊನೆಯವರೆಗೆ ಬಿಗಿದಿದ್ದರು. ಹುಲಿಗೆಮ್ಮ ಎರಡೂ ಕೈಯಿಂದ ಅದುಮಿ ನೋಡಿದಳು. ಸ್ವಲ್ಪವೇ ತಗ್ಗಿತು. ಇವಳು ಕುಳಿತಿದ್ದರೂ, ಮೈ ಸ್ವಲ್ಪ ಕುಲುಕಿದರೆ ಸಾಕು, ಸೀಟಿನ ಮೇಲೆ ಯಾರೂ ಇಲ್ಲವೆಂದೇ ಗಾಡಿ ತಿಳಿಯುತ್ತಿತ್ತು.

ಅವಳು ಅಲ್ಲೇ ಹುಲ್ಲಿನ ಮೇಲೆ ಕುಳಿತುಬಿಟ್ಟಳು. ನಾಲ್ಕು ದಿನಗಳಿಂದ ಹಿಡಿದಿಟ್ಟುಕೊಂಡಿದ್ದ ಅಳು ಆಗ ಬಂತು. ಅತ್ತು ಮುಗಿಸಿ ಮುಖ ಒರೆಸಿಕೊಂಡು ಸ್ಪ್ಯಾನರ್ ತರಲು ಎದ್ದಳು.

ಅಷ್ಟರಲ್ಲಿ ವಿರುಪಣ್ಣ ಬಂದ. ಅವಳು ತೋರಿಸಿದ್ದನ್ನು ನೋಡಿ, "ಇಷ್ಟೇನಾ? ಆ ಎರಡು ತಂತಿ ಕಿತ್ತು ಕೂಡಿಸಿಬಿಡು. ಸ್ವಿಚ್ಚಿನ ಕಾಟವೇ ಇರೋದಿಲ್ಲ" ಎಂದ.

"ಹಾಗೆ ಮಾಡಿದರೆ ನಾನು ಬಿದ್ದರೂ ಇದು ನಿಲ್ಲೋದಿಲ್ಲ ಸಾರ್. ಸ್ವಿಚ್ಚು ತನ್ನ ಕೆಲಸ ಸರಿಯಾಗೇ ಮಾಡ್ತಿದೆ. ಸೀಟು ನನ್ನ ತೂಕಕ್ಕೆ ಬಗ್ಗಬೇಕು, ಅಷ್ಟೇ."

ಅವಳು ಸ್ಪ್ರಿಂಗುಗಳನ್ನು ಒಂದೊಂದೇ ಸುತ್ತು ಸಡಿಲಿಸಿದಳು, ಕುಳಿತು ನೋಡಿದಳು, ಮತ್ತೊಂದು ಸುತ್ತು ಸಡಿಲಿಸಿದಳು. ಕಾಲು ನೆಟ್ಟಗೆ ಎಟುಕುವಂತೆ ಸೀಟನ್ನು ಮುಂದಕ್ಕೆ ಸರಿಸಿದಳು. ಬ್ಲೇಡು ತಿರುಗುವ ಮೊದಲೇ ಬೇಕೆಂದೇ ಒಮ್ಮೆ ಮೈ ಎತ್ತಿ ಪರೀಕ್ಷಿಸಿದಳು. ಎಂಜಿನ್ ನಿಂತಿತು. ನಿಲ್ಲಬೇಕಾದದ್ದೇ ಎಂದು ತಲೆದೂಗಿದಳು. ಆಮೇಲೆ ಬೆನ್ನನ್ನು ಸೀಟಿಗೆ ಪೂರ್ತಿ ಆನಿಸಿ ಕುಳಿತು ದಿಬ್ಬದ ಕಡೆ ಹೊರಟಳು. ಗಾಡಿ ದಿಬ್ಬ ಹತ್ತಿ ಇಳಿಯಿತು. ಮೂಲೆಯಲ್ಲಿ ತಿರುಗಿತು. ಎಲ್ಲೂ ನಿಲ್ಲಲಿಲ್ಲ.

ಪಂದ್ಯಾವಳಿಗೆ ಎರಡು ದಿನ ಮೊದಲೇ ಮೈದಾನ ಸಿದ್ಧವಾಯಿತು. ಆಡಲು ಬಂದ ಹುಡುಗಿಯರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅದರ ಮೇಲೆ ಓಡಾಡಿದರು. ವಿರುಪಣ್ಣ ಯಾರನ್ನೂ ಹೊಗಳುವ ಮನುಷ್ಯನಲ್ಲ. ಹುಲಿಗೆಮ್ಮನನ್ನೂ ಹೊಗಳಲಿಲ್ಲ. ಆದರೆ ಅವಳು ರಜೆ ಹಾಕಿದ ಒಂದು ದಿನ ತಾನೇ ಗಾಡಿ ಓಡಿಸಿದ. ಸ್ಪ್ರಿಂಗನ್ನು ತನಗೆ ಬೇಕಾದಷ್ಟು ಬಿಗಿ ಮಾಡಿಕೊಂಡ, ಕೆಲಸ ಮುಗಿದ ಮೇಲೆ ನೆನಪಿನಿಂದ ಮತ್ತೆ ಸಡಿಲಿಸಿ ಇಟ್ಟ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ನಿಜಗುಣ ಹೇಳಿದ, "ಕತೆ ಅರ್ಥವಾಯಿತು ಗುರುಗಳೇ. ಆದರೆ ಬಸಲಿಂಗಯ್ಯ ಕೂರುವುದು ಬರೀ ಚಾಪೆಯ ಮೇಲೆ. ಅಲ್ಲಿ ನಾನು ಸಡಿಲಿಸುವುದಾದರೂ ಏನನ್ನು?"

ಗುರುಗಳು ಕೇಳಿದರು, "ದಿನಾ ಬೆಳಿಗ್ಗೆ ನೀನು ಶ್ರುತಿ ಹಿಡಿಯುವುದು ಯಾರ ಗಂಟಲಿಗೆ, ನಿಜಗುಣ?"

ಮರುದಿನ ಬೆಳಿಗ್ಗೆ ನಿಜಗುಣ ಬಸಲಿಂಗಯ್ಯನನ್ನು ಮುಂದೆ ಕೂರಿಸಿ, ಶ್ರುತಿಯನ್ನು ಅವನ ಗಂಟಲಿಗೆ ಎಟುಕುವಷ್ಟು ತಗ್ಗಿಸಿ ಹಿಡಿದ.