ಕಲಾಯಿ ಕಾಣದ ತಪ್ಪಲೆ

"ಮೇಷ್ಟ್ರೇ, ಹೊಸ ಕ್ಯಾಮೆರಾ ಬರೋವರೆಗೂ ಕಾಯೋದು ತಪ್ಪಾ?" ಎಂದು ಓಬಳೇಶ ಕೇಳಿದ.

ಉತ್ತರ ಬೇಕು ಅಂತ ಕೇಳಿದ್ದಲ್ಲ. ತಪ್ಪಲ್ಲ ಅಂತ ಅವನಿಗೆ ಆಗಲೇ ಗೊತ್ತಿತ್ತು. ಗುರುಗಳ ಬಾಯಲ್ಲೂ ಒಂದು ಸಲ ಬಂದುಬಿಟ್ಟರೆ ಗಟ್ಟಿಯಾಗುತ್ತೆ, ಅಷ್ಟೆ.

ಫಾಲಾಕ್ಷಪ್ಪ ಮೇಷ್ಟ್ರು ಚಳ್ಳಕೆರೆಯಲ್ಲಿ ಐವತ್ತು ವರ್ಷ ಫೋಟೋ ತೆಗೆದವರು. ಈಗ ಭಾನುವಾರ ಬೆಳಿಗ್ಗೆ ಸ್ಟುಡಿಯೋ ಜಗಲಿಯ ಮೇಲೆ ಕೂತು, ಬಂದವರಿಗೆ ನೋಡೋದು ಹೇಗೆ ಅಂತ ಹೇಳಿಕೊಡುತ್ತಿದ್ದರು. ಆ ಭಾನುವಾರ ಬಂದವನು ಓಬಳೇಶ ಒಬ್ಬನೇ.

ಅವನು ಸುದ್ದಿಯನ್ನೆಲ್ಲ ಬಿಡಿಸಿ ಹೇಳಿದ. ಹೊರದೇಶದ ಕಂಪನಿ. ಇಷ್ಟು ವರ್ಷ ಬರೀ ಲೆನ್ಸ್ ಮಾಡಿಕೊಂಡಿತ್ತು. ಈಗ ಅದೇ ಒಂದು ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ ತರುತ್ತಿದೆ. ಮುಂದಿನ ತಿಂಗಳು ಬರೋದು ಗ್ಯಾರಂಟಿ. ಹೋದ ತಿಂಗಳೂ ಗ್ಯಾರಂಟಿ ಇತ್ತು, ಆದರೆ ಈ ಸಲದ ಗ್ಯಾರಂಟಿ ಬೇರೆ. ಅದಕ್ಕೇ ಅವನು ಎಂಟು ತಿಂಗಳಿಂದ ಹಳೇ ಕ್ಯಾಮೆರಾವನ್ನು ಬೀರುವಿನಿಂದ ತೆಗೆದಿರಲಿಲ್ಲ.

ಒಂದು ಮಾತು ಮಾತ್ರ ಹೇಳಲಿಲ್ಲ. ಅವನ ಅಕ್ಕ ಪಾಲಮ್ಮ ಬಸ್ ಕಂಡಕ್ಟರ್. ಬರುವ ಶುಕ್ರವಾರ ಅವಳ ಕೊನೇ ಡ್ಯೂಟಿ. ಖಾಕಿ ಹಾಕಿಕೊಂಡು, ಬಾಯಲ್ಲಿ ಸೀಟಿ ಇಟ್ಟುಕೊಂಡು, ಬಸ್ಸಿನ ಬಾಗಿಲಲ್ಲಿ ನಿಂತಿರೋದು ಒಂದು ಫೋಟೋ ತೆಗೆದುಕೊಡೋ ಅಂತ ಮೂರು ಸಲ ಕೇಳಿದ್ದಳು. ಒಂದು ತಿಂಗಳು ತಡ್ಕೋ ಅಕ್ಕ, ಹೊಸ ಕ್ಯಾಮೆರಾದಲ್ಲಿ ಮೊದಲನೇ ಫೋಟೋ ನಿಂದೇ, ಖಾಕಿ ಎಲ್ಲಿಗೆ ಹೋಗುತ್ತೆ ಅಂತ ಮೂರು ಸಲವೂ ಹೇಳಿದ್ದ. ಇದಕ್ಕೂ ಮೇಷ್ಟ್ರಿಗೆ ಕೇಳಿದ ಪ್ರಶ್ನೆಗೂ ಸಂಬಂಧವಿಲ್ಲ ಅಂತ ಅವನ ತೀರ್ಮಾನ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಅವನ ಹತ್ತಿರ ರೀಲು ಹಾಕುವ ಹಳೇ ರೇಂಜ್‌ಫೈಂಡರ್ ಇತ್ತು. ನಿನಗೆ ಗೊತ್ತಲ್ಲ, ಈ ಜಾತಿ ಕ್ಯಾಮೆರಾದಲ್ಲಿ ನೋಡೋ ಕಿಂಡಿ ಬೇರೆ, ಚಿತ್ರ ಹಿಡಿಯೋ ಲೆನ್ಸ್ ಬೇರೆ. ಕಿಂಡಿಯಲ್ಲಿ ಒಬ್ಬನೇ ಮನುಷ್ಯ ಇಬ್ಬರಾಗಿ ಕಾಣುತ್ತಾನೆ. ಲೆನ್ಸ್ ತಿರುಗಿಸಿ ಇಬ್ಬರನ್ನೂ ಒಬ್ಬನನ್ನಾಗಿ ಮಾಡಿದರೆ ಫೋಕಸ್ ಆಯಿತು ಅಂತ ಲೆಕ್ಕ. ಅವನ ಕ್ಯಾಮೆರಾದ ಕಿಂಡಿ ಮಬ್ಬಾಗಿತ್ತು. ಲೆನ್ಸಿನ ಮುಚ್ಚಳ ಯಾವುದೋ ಮದುವೆಯಲ್ಲಿ ಕಳೆದುಹೋಗಿ ಒಂಬತ್ತು ವರ್ಷವಾಗಿತ್ತು. ಅದರಲ್ಲೇ ಒಳ್ಳೊಳ್ಳೆ ಫೋಟೋ ತೆಗೆಯುತ್ತಿದ್ದ.

ಒಂದು ದಿನ ಅವನಿಗೆ ಸುದ್ದಿ ಬಂತು. ಒಬ್ಬ ಲೆನ್ಸ್ ಮಾಡುವವನು ಇನ್ನು ಮೇಲೆ ಕ್ಯಾಮೆರಾನೂ ಮಾಡುತ್ತಾನಂತೆ, ರೇಂಜ್‌ಫೈಂಡರೇ ಅಂತೆ, ರೀಲೇ ಬೇಡವಂತೆ. ಕಣ್ಣು ಮಾಡಿದವನಿಗೆ ತಲೆ ಮಾಡೋದು ಎಷ್ಟರ ಮಾತು ಅಂತ ಇವನು ಊರಿಗೆಲ್ಲ ಹೇಳಿಕೊಂಡು ಬಂದ. ಯುಗಾದಿಗೆ ಬರುತ್ತೆ ಅಂದರು. ಕಾಯೋಕೆ ಕೂತ.

ಸುಮ್ಮನೆ ಕೂರಲಿಲ್ಲ. ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸಿದ ಹಾಗೆ, ಬಾರದ ಕ್ಯಾಮೆರಾಕ್ಕೆ ಚರ್ಮದ ಪಟ್ಟಿ ಹೊಲಿಸಿದ. ಅದರ ಅಳತೆ ಎಲ್ಲೋ ಓದಿಕೊಂಡು, ಅಷ್ಟೇ ಉದ್ದಗಲದ ಸೋಪಿನ ಡಬ್ಬಿ ಹುಡುಕಿ, ಮೂಲೆಯಲ್ಲಿ ಕಿಂಡಿ ಕೊರೆದು, ಕೊರಳಿಗೆ ಹಾಕಿಕೊಂಡ. ಎತ್ತೋದು, ಕಿಂಡಿಗೆ ಕಣ್ಣಿಡೋದು, ಬೆರಳು ಒತ್ತೋದು. ದಿನಕ್ಕೆ ನೂರು ಸಲ ಅಭ್ಯಾಸ ಮಾಡಿದ. ಸೋಪಿನ ಡಬ್ಬಿಯಲ್ಲಿ ಅವನಷ್ಟು ಚುರುಕಾಗಿ ಫೋಟೋ ತೆಗೆಯುವವನು ಜಿಲ್ಲೆಯಲ್ಲೇ ಇರಲಿಲ್ಲ. ಹಳೇ ಕ್ಯಾಮೆರಾ ಗೂಟಕ್ಕೆ ನೇತುಬಿತ್ತು.

ಆ ಊರಲ್ಲೇ ಒಬ್ಬ ಕಲಾಯಿಯವನು ಇದ್ದ. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿಯೋದು ಅವನ ಕಸುಬು. ಮನೆಮನೆಗೂ ಸ್ಟೀಲು ಬಂದು ಕೆಲಸ ನಿಂತುಹೋಗಿತ್ತು. ಅಳಿಯನ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಕೂರೋಕೆ ಒಪ್ಪಿಕೊಂಡಿದ್ದ. ಪಾತ್ರೆಯೊಳಗೆ ಬೆಳಕು ಹಚ್ಚೋದು ನನ್ನ ಕೆಲಸವಾಗಿತ್ತು ಅಂದರೆ ಮೊಮ್ಮಕ್ಕಳು ನಗುತ್ತಿದ್ದವು. ಅದಕ್ಕೇ ಅವನಿಗೆ ಒಂದು ಫೋಟೋ ಬೇಕಿತ್ತು. ಕಾದ ಪಾತ್ರೆಗೆ ತವರ ಮುಟ್ಟಿಸಿ ಹತ್ತಿಯಲ್ಲಿ ಒಂದು ಸುತ್ತು ಒರೆಸಿದಾಗ, ಕಪ್ಪಗಿದ್ದದ್ದು ಕಣ್ಣು ಮುಚ್ಚಿ ತೆರೆಯೋದರಲ್ಲಿ ಬೆಳ್ಳಗಾಗುತ್ತಲ್ಲ, ಆ ಗಳಿಗೆಯ ಫೋಟೋ.

ಫೋಟೋಗ್ರಾಫರ್ ಹತ್ತಿರ ಬಂದು ಕೇಳಿದ. ಇಂಥ ಗಳಿಗೆಗೆ ಇಂಥ ಕ್ಯಾಮೆರಾನೇ ಸರಿ, ಯುಗಾದಿ ತನಕ ತಡೀರಿ ಅಂತ ಅವನು ಹೇಳಿದ. ಕಲಾಯಿಯವನು ನಂಬಿದ. ಅವನ ಹತ್ತಿರ ಉಳಿದಿದ್ದು ಒಂದೇ ಒಂದು ಪಾತ್ರೆ, ಒಬ್ಬ ಅಜ್ಜಿ ಕಲಾಯಿಗೆ ಕೊಟ್ಟಿದ್ದ ತಾಮ್ರದ ತಪ್ಪಲೆ. ಅದನ್ನು ಹಾಗೇ ಇಟ್ಟುಕೊಂಡ.

ಯುಗಾದಿಗೆ ಕ್ಯಾಮೆರಾ ಬರಲಿಲ್ಲ. ಗೌರಿ ಹಬ್ಬಕ್ಕೆ ಅಂದರು. ಅಜ್ಜಿ ಬಂದು ತಪ್ಪಲೆ ಕೇಳಿದಳು. ಕಲಾಯಿಯವನು ಫೋಟೋಗ್ರಾಫರ್ ಕಡೆ ಕೈ ತೋರಿಸಿದ. ಅಜ್ಜಿ ಕೋಲೂರಿಕೊಂಡು ಅಲ್ಲಿಗೂ ಹೋದಳು. ಕೊರಳಲ್ಲಿ ಸೋಪಿನ ಡಬ್ಬಿ ಹಾಕಿಕೊಂಡವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನಪ್ಪ, ನನ್ನ ಮನೆ ಸಾರಿಗೂ ನಿನ್ನ ಸೋಪಿಗೂ ಏನು ಸಂಬಂಧ?"

"ಇನ್ನೇನು ಬಂದುಬಿಡುತ್ತೆ ಅಜ್ಜಿ," ಅಂದ ಫೋಟೋಗ್ರಾಫರ್.

ಗೌರಿ ಹಬ್ಬ ಹೋಯಿತು, ದಸರಾ ಹೋಯಿತು. ಅಜ್ಜಿ ಪಕ್ಕದ ಮನೆ ಪಾತ್ರೆಯಲ್ಲಿ ಅಡಿಗೆ ಮಾಡಿಕೊಂಡಳು. ಪಕ್ಕದ ಮನೆಯವಳು ಮಾತು ಬಿಟ್ಟಳು. ಅಳಿಯ ದಿನಾ ಹೇಳಿಕಳಿಸಿದ. ಕಲಾಯಿಯವನು ಒಂದು ತಪ್ಪಲೆಗೋಸ್ಕರ ಒಲೆ, ಗಾಳಿ ಊದುವ ತಿದಿ, ಇದ್ದಿಲು ಕಾಯ್ದುಕೊಂಡು ಕೂತ. ಫೋಟೋಗ್ರಾಫರ್ ಮಾತ್ರ ಅಳುಕಲಿಲ್ಲ. ತಡವಾದಷ್ಟೂ ಕ್ಯಾಮೆರಾ ಚೆನ್ನಾಗಿರುತ್ತೆ ಅಂದ.

ಸಂಕ್ರಾಂತಿಗೆ ಬಂತು. ಬಂದದ್ದು ನಿಜಕ್ಕೂ ಚೆನ್ನಾಗಿತ್ತು. ಅವನು ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಕಿಂಡಿಯೊಳಗೆ ಲೋಕ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಹಿಂದುಗಡೆ ಚಿತ್ರ ತೋರಿಸುವ ಪರದೆ ಇರಲಿಲ್ಲ. ತೆಗೆಯುವಾಗ ತೆಗಿ, ನೋಡೋದು ಮನೆಗೆ ಹೋಗಿ ನೋಡು, ಹಳೇ ರೀಲಿನ ಕಾಲದ ಹಾಗೆ. ಅದೇ ಅದರ ದೊಡ್ಡತನ ಅಂತ ಅವನು ಓದಿಕೊಂಡಿದ್ದ.

ಬೆಳಿಗ್ಗೆಯೇ ಕಲಾಯಿಯವನ ಹತ್ತಿರ ಹೋದ. ಅಜ್ಜಿಯೂ ಬಂದು ಕೂತಳು. ತಿದಿ ಊದಿತು, ತಪ್ಪಲೆ ಕಾಯಿತು, ಒಳಗೆ ಉಜ್ಜಿದ ನವಸಾಗರದ ಪುಡಿಯಿಂದ ಹೊಗೆ ಎದ್ದಿತು. ತವರ ಮುಟ್ಟಿತು. ಕಲಾಯಿಯವನು ಹತ್ತಿ ಹಿಡಿದು ಒಂದು ಸುತ್ತು ಎಳೆದ. ಕಿಂಡಿಯಲ್ಲಿ ಇಬ್ಬರು ಒಬ್ಬರಾದರು, ತಪ್ಪಲೆ ಬೆಳಗಿತು, ಅದೇ ಗಳಿಗೆಗೆ ಸರಿಯಾಗಿ ಇವನ ಬೆರಳು ಒತ್ತಿತು. ಒಂದಲ್ಲ, ಇಪ್ಪತ್ತಾರು ಸಲ. ಕೈ ಒಂದಿಷ್ಟೂ ತಡವರಿಸಲಿಲ್ಲ. ಅಜ್ಜಿ ತಪ್ಪಲೆ ಎತ್ತಿಕೊಂಡು ಮನೆಗೆ ಹೋದಳು.

ಮನೆಗೆ ಬಂದು ನೋಡಿದ. ಇಪ್ಪತ್ತಾರೂ ಕಪ್ಪಗಿದ್ದವು. ಒಂದಕ್ಕಿಂತ ಒಂದು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಹೊಸ ಕ್ಯಾಮೆರಾ ನೋಡು, ಹೊಸ ಮುಚ್ಚಳದ ಜೊತೆ ಬಂದಿತ್ತು. ಅದು ಲೆನ್ಸಿನ ಮೇಲೇ ಇತ್ತು. ಕಿಂಡಿ ಬೇರೆ ಆದದ್ದರಿಂದ ಅವನಿಗೆ ಎಲ್ಲವೂ ಕಂಡಿತ್ತು, ಲೆನ್ಸಿಗೆ ಏನೂ ಕಂಡಿರಲಿಲ್ಲ. ಹಳೇ ಕ್ಯಾಮೆರಾಕ್ಕೆ ಮುಚ್ಚಳವೇ ಇರಲಿಲ್ಲ. ಸೋಪಿನ ಡಬ್ಬಿಗೆ ಲೆನ್ಸೇ ಇರಲಿಲ್ಲ. ವರ್ಷವೆಲ್ಲ ಕೈ ಎಲ್ಲವನ್ನೂ ಕಲಿತಿತ್ತು, ಮುಚ್ಚಳ ತೆಗೆಯೋದೊಂದು ಬಿಟ್ಟು.

ಮಾರನೇ ದಿನ ಓಡಿದ. ಒಲೆ ಕಿತ್ತು ಜಾಗ ಸಾರಿಸಿಯಾಗಿತ್ತು. ಕಲಾಯಿಯವನು ಅಳಿಯನ ಅಂಗಡಿಯಲ್ಲಿ ಸ್ಟೀಲ್ ಲೋಟ ಒರೆಸುತ್ತಾ ಕೂತಿದ್ದ. ಇವನನ್ನು ಕಂಡು ಎದ್ದು ನಿಂತ, ಫೋಟೋ ನೋಡಬನ್ನಿ ಅಂತ ಮೊಮ್ಮಕ್ಕಳನ್ನು ಕೂಗಿ ಕರೆದ.

"ಇನ್ನೊಂದು ಪಾತ್ರೆ ಏನಾದರೂ ಇದೆಯಾ?" ಅಂತ ಫೋಟೋಗ್ರಾಫರ್ ಕೇಳಿದ.

"ಇದ್ದದ್ದೇ ಅದೊಂದು, ಸ್ವಾಮಿ," ಅಂದ ಕಲಾಯಿಯವನು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

ಓಬಳೇಶ ಇನ್ನೂ ಏನಾದರೂ ಇದೆಯಾ ಅಂತ ಸ್ವಲ್ಪ ಹೊತ್ತು ಕಾದ. ಇರಲಿಲ್ಲ. ಕತೆಯನ್ನು ಮನಸ್ಸಿನಲ್ಲೇ ಒಂದು ಸುತ್ತು ತಿರುಗಿಸಿ ನೋಡಿದ. ಎಲ್ಲಿ ಎಡವಿದ್ದು ಅಂತ ಅವನಿಗೆ ಸ್ಪಷ್ಟವಾಗಿ ಹೊಳೆಯಿತು. ಕ್ಯಾಮೆರಾ ಬಂತು, ಚೆನ್ನಾಗಿಯೂ ಇತ್ತು. ಅಂದರೆ ಕಾದದ್ದರಲ್ಲಿ ತಪ್ಪಿಲ್ಲ. ಮೇಷ್ಟ್ರೂ ಒಪ್ಪಿದ ಹಾಗೇ ಆಯಿತು. ಉಳಿದದ್ದು ಸಣ್ಣ ರಿಪೇರಿ.

ಮುಚ್ಚಳಕ್ಕೆ ಒಂದು ಕೆಂಪು ದಾರ ಕಟ್ಟಿ ಇಳಿಬಿಟ್ಟರೆ ಮರೆತುಹೋಗೋ ಮಾತೇ ಇಲ್ಲ ಅಂತ ಮೇಷ್ಟ್ರಿಗೆ ಹೇಳಿದ. ದಾರ ಎಷ್ಟುದ್ದ ಇರಬೇಕು ಅಂತ ಬೆರಳಲ್ಲಿ ಅಳೆದೂ ತೋರಿಸಿದ.

ಮೇಷ್ಟ್ರು ಆ ಅಳತೆಯನ್ನು ಗಮನವಿಟ್ಟು ನೋಡಿದರು. ತಲೆಯಾಡಿಸಿದರು.

"ದಾರ ಕಟ್ಟು, ಕ್ಯಾಮೆರಾ ಒಳ್ಳೇದೇ ಬರುತ್ತೆ, ಅಲ್ಲಿವರೆಗೂ ನೀನು ಯಾರ ತಪ್ಪಲೆ ಇಟ್ಕೊಂಡು ಕೂತಿದ್ದೀಯ, ಅದು ಹೇಳು."

ಓಬಳೇಶನ ಬೆರಳುಗಳು ಅಳತೆ ಹಿಡಿದ ಹಾಗೇ ನಿಂತವು.