ಬೋರಣ್ಣನ ಉದ್ದನೆ ದನಿ

ಮಕ್ಳಾ, ಸದ್ದು ಮಾಡ್ದೆ ಕೂತ್ಕಳಿ. ಮಧ್ಯೆ ಬಾಯಿ ಹಾಕಿದ್ರೆ ಕತೆ ಅಲ್ಲಿಗೇ ನಿಲ್ಲುಸ್ಬುಡ್ತೀನಿ. ಇದನ್ನ ನನ್ನಷ್ಟು ಚೆನ್ನಾಗಿ ಹೇಳೋರು ಈ ಸುತ್ತಮುತ್ತ ಯಾರೂ ಇಲ್ಲ, ಮೊದ್ಲೇ ತಿಳ್ಕಳಿ.

ಹುಣಸೆ ತೋಪಿನ ಅಂಚಿಗೆ ಒಂದು ಬಂಡೆಹೊಂಡ. ಆ ಹೊಂಡದಲ್ಲಿ ಕಪ್ಪೆಗಳ ಹಾಡಿನ ಮೇಳ. ಮೇಳಕ್ಕೆ ತಲೆಯಾಳು ಬೋರಣ್ಣ. ಹಂಡೆ ಹೊಟ್ಟೆಯ ಗೋಂಕರುಕಪ್ಪೆ. ಅವನ ಎಡಕ್ಕೆ ಕೂರೋನು ನಿಂಗ. ಮೈತುಂಬ ಗಂಟಿರೋ ನೆಲಗಪ್ಪೆ.

ಬರೀ ಖುಷಿಗೆ ಹಾಡೋ ಮೇಳ ಅಲ್ಲ ಅದು. ಬೇಸಿಗೇಲಿ ಹೊಂಡ ಬತ್ತಿದಾಗ ಕಪ್ಪೆಗಳು ಹೊಲದ ಬಿರುಕಿಗೂ ಹಾಳುಬಾವಿಗೂ ಚದುರಿ ಹೋಗ್ತವೆ. ಮೇಳದೋರು ಮಾತ್ರ ಹೊಂಡದ ಕೆಸರಲ್ಲೇ ಹೂತ್ಕಂಡು ಕಾಯ್ತಾರೆ. ಮೊದಲ್ನೆ ಮಳೆ ಬಿದ್ದ ಸಂಜೆ ಎದ್ದು ಹಾಡ್ತಾರೆ. ಆ ದನಿ ಹಿಡ್ಕೊಂಡೇ ಉಳಿದೋರು ಮನೆಗೆ ಬರ್ಬೇಕು. ಹಾಡು ನಿಂತ್ರೆ ದಾರಿ ನಿಂತಂಗೆ.

ಅದಕ್ಕೇ ಹಿಂದಿನ ತಲೆಯಾಳು ಮುದ್ದಜ್ಜ ಒಂದು ಕಟ್ಟಳೆ ಮಾಡಿದ್ದ. ಎಲ್ಲರೂ ಸೇರಿ ಕೂಗ್ಬೇಕು. ಆಮೇಲೆ ಮೇಳ ಉಸಿರು ತಗೊಳ್ವಾಗ ತಲೆಯಾಳೂ ಅವನ ಎಡಗಡೆಯೋನೂ ಇಬ್ಬರೇ ಒಂದು ಉದ್ದನೆ ದನಿ ಎಳೀಬೇಕು. ಆ ದನಿ ಮುಗಿಯೋವರ್ಗೂ ಬೇರೆ ಯಾರೂ ಬಾಯಿ ತೆಗೆಯಂಗಿಲ್ಲ.

ಈಗ ಮೇಳದಲ್ಲಿ ಉಳಿದಿದ್ದು ಹದಿನಾಲ್ಕೇ ಗಂಟಲು. ಮೋಡ ಕಟ್ಟಿದ ಒಂದು ಮಧ್ಯಾಹ್ನ, ಮಳೆ ಬರ್ತದೆ ಅಂತ ಮೇಳದೋರು ಕೆಸರಿಂದ ಮೊದ್ಲೇ ಎದ್ದಿದ್ರು. ಬೋರಣ್ಣ ಬಂಡೆ ಮೇಲೆ ಕೂತು ಹಳೇದೆಲ್ಲ ನೆನೀತಿದ್ದ. ಆ ಕಾಲದಲ್ಲಿ ಅರವತ್ತು ಗಂಟಲು! ಹಾಡಿದ್ರೆ ಹುಣಸೆ ಎಲೆ ಉದುರೋವು. ಮುದ್ದಜ್ಜ ಕೂತೂ ಕೂತೂ ಬಂಡೆಯಲ್ಲೇ ಒಂದು ಗುಳಿ ಬಿದ್ದಿತ್ತು. ಈಗ ಆ ಗುಳೀಲಿ ಬೋರಣ್ಣ ಕೂರ್ತಾನೆ. ಆಚೆ ಪಾಚಿ ಹತ್ತಿದ ಜಾಗದಲ್ಲಿ ಆಗ ಜಂಗಿ ಕೂರೋಳು, ಅವಳ ಹಿಂದೆ ಕುಳ್ಳ ಮಲ್ಲ. ಒಬ್ಬಳನ್ನ ಹಾವು ತಿಂತು, ಇನ್ನೊಬ್ಬ ಬೇಸಿಗೇಲಿ ಕೆಸರಿಗೆ ಇಳಿದೋನು ಏಳ್ಲೇ ಇಲ್ಲ. ಎಂಥಾ ದನಿಗಳು ಅವು!

ಅಷ್ಟೊತ್ಗೆ ಪಕ್ಕದಲ್ಲಿ ನಿಂಗ ದನಿ ಸರಿಮಾಡ್ಕೊಂಡ. "ಗರ್‍ರ್‍ರ್..."

ಬೋರಣ್ಣನಿಗೆ ಉರಿದು ಹೋಯ್ತು. "ಲೇ ನಿಂಗ, ಅದೇನು ದನಿಯೋ, ಹರಿದೋದ ತಮಟೆಯೋ? ಮುದ್ದಜ್ಜ ಇದ್ದಿದ್ರೆ ನಿನ್ನ ಬಂಡೆ ಹತ್ತೋಕೆ ಬಿಡ್ತಿದ್ನಾ?"

"ಹತ್ತಿಸಿದ್ದೇ ಅವನು ಕಣಣ್ಣ."

"ಎದುರು ಮಾತಾಡ್ಬೇಡ! ನಮ್ಮ ಕಾಲದ ಮೇಳ ಹೆಂಗಿತ್ತು, ಈಗ ಹೆಂಗಾಗದೆ! ನೀನು ಈ ವರ್ಷ ಹಾಡೋದು ಬ್ಯಾಡ. ಉದ್ದನೆ ದನಿ ನಾನೊಬ್ನೇ ಎಳೀತೀನಿ."

ನಿಂಗ ಮೆಲ್ಲಗೆ ಅಂದ, "ಆಗ್ಲಿ ಬೋರಣ್ಣ. ಆದ್ರೆ ಪಕ್ಕಕ್ಕೆ ಇನ್ಯಾರ್ನಾದ್ರೂ ಕೂರುಸ್ಕೋ. ನಿಂಗೆ ಉಸಿರು..."

"ಉಸಿರಾ? ತಲೆಯಾಳಾಗಿ ಒಂಬತ್ತು ಮಳೆ ಹಾಡಿದೀನಿ. ಉದ್ದನೆ ದನೀಲಿ ನಾನು ಒಂದ್ಸಲ ಉಸಿರು ತಗೊಂಡಿದ್ದು ಯಾರಾದ್ರೂ ಕೇಳಿದ್ರೆ ಹೇಳ್ಲಿ!"

ಸುತ್ತ ಇದ್ದೋರು, "ಇಲ್ಲ ಇಲ್ಲ, ಕೇಳಿಲ್ಲ" ಅಂತ ತಲೆ ಆಡಿಸಿದ್ರು.

ನಿಂಗ ಎದುರಿಗೆ ಬಂದ ಸೊಳ್ಳೆ ನುಂಗ್ದ. ಹೇಳೋಕೆ ಬಂದಿದ್ದ ಮಾತನ್ನೂ ಅದರ ಜೊತೆಗೇ ನುಂಗಿ ಬಂಡೆ ಇಳಿದ. ಹೊಲದ ಬದುವಿನ ಕಲ್ಲುಗುಡ್ಡೆಗೆ ಹೋಗಿ ಸೇರ್ಕೊಂಡ.

ಅವತ್ತೇ ಸಂಜೆ ಮೊದಲ್ನೆ ಮಳೆ ಬಂತು. ದಪ್ಪ ಹನಿ, ಮಣ್ಣಿನ ವಾಸನೆ. ಮಳೆ ನಿಂತ ಮೇಲೆ ಇನ್ನೂ ಚೂರು ಬೆಳಕಿತ್ತು. ಬೋರಣ್ಣ ಗುಳೀಲಿ ಕೂತು ಹೊಲದ ಕಡೆ ನೋಡ್ದ. ಅವನ ಕಣ್ಣು ಹುಡುಕ್ತಿದ್ದಿದ್ದು ಅಕ್ಕ ಗೌರವ್ವನ್ನ. ಬೋರಣ್ಣನಿಗೆ ಇನ್ನೂ ಬಾಲ ಇದ್ದ ಕಾಲದಿಂದ ಜೊತೇಲಿದ್ದೋಳು. ಒಂದು ಕಾಲಕ್ಕೆ ಇದೇ ಮೇಳದಲ್ಲಿ ಹಾಡ್ದೋಳು. ಈಗ ಎರಡು ಕಣ್ಣಿಗೂ ಪೊರೆ. ಬೇಸಿಗೆ ಕಳಿಯೋಕೆ ಹಾಳುಬಾವಿಗೆ ಹೋದೋಳು ದನಿ ಕೇಳ್ಕೊಂಡೇ ಬರ್ಬೇಕು.

"ಹಾಡ್ರೋ!" ಅಂದ ಬೋರಣ್ಣ.

ಮೇಳ ಕೂಗ್ತು. ಅಗೋ, ಹೊಲದಲ್ಲಿ ಗೌರವ್ವ ಕುಪ್ಪಳಿಸ್ಕೊಂಡು ಬರ್ತಾ ಅವ್ಳೆ! ಬದುವಿನ ಮೇಲೆ ಒಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿದೆ. ಅವಳಿಗೆ ಅದು ಕಾಣ್ತಿಲ್ಲ. ಬಿರಬಿರನೆ ಕಲ್ಲುಗುಡ್ಡೆ ದಾಟಿ ಬಂದ್ರೆ ಸಾಕು.

ಮೇಳ ಉಸಿರಿಗೆ ನಿಲ್ತು. ಬೋರಣ್ಣ ಎದೆ ಉಬ್ಬಿಸಿ ಉದ್ದನೆ ದನಿ ಎಳೆದ. ಎಳೆದ, ಎಳೆದ, ಗಂಟಲಚೀಲ ಇಳೀತು. ಒಂದು ಗುಟುಕು ಗಾಳಿ ತಗೊಂಡ.

ಸದ್ದೇ ಇಲ್ಲ.

ಬೋರಣ್ಣ ತಬ್ಬಿಬ್ಬಾದ. ಯಾವತ್ತೂ ಹಿಂಗಾಗಿರ್ಲಿಲ್ಲ. ಗಾಳಿ ತಗೊಂಡ್ರೂ ದನಿ ತನ್ನಷ್ಟಕ್ಕೆ ನಡೀತಿತ್ತಲ್ಲ! ಗಾಬರೀಲಿ ಮತ್ತೆ ಎಳೆಯೋಕೆ ಹೋದ. ಕೆಮ್ಮು ಬಂತು. ಮೇಳದೋರು ಕಟ್ಟಳೆ ಬಿಡ್ದೆ ಅವನ ಬಾಯನ್ನೇ ನೋಡ್ತಾ ಕೂತ್ರು.

ಹೊಲದಲ್ಲಿ ಗೌರವ್ವ ನಿಂತ್ಬಿಟ್ಳು. ಆ ಕಡೆ ತಿರುಗಿದ್ಳು, ಈ ಕಡೆ ತಿರುಗಿದ್ಳು. ಕೊಕ್ಕರೆ ಎರಡನೇ ಕಾಲು ಮೆಲ್ಲಗೆ ನೆಲಕ್ಕೆ ಊರ್ತು.

ಆಗ ಕಲ್ಲುಗುಡ್ಡೆಯಿಂದ ಎದ್ದಿತು ನೋಡಿ! "ಗರ್‍ರ್‍ರ್‍ರ್..." ಅದೇ ಹರಿದ ತಮಟೆ. ಬಿಡದಂಗೆ, ನಡುಗದಂಗೆ, ಬೋರಣ್ಣ ಎಲ್ಲಿ ಬಿಟ್ಟಿದ್ನೋ ಅಲ್ಲಿಂದಲೇ.

ಗೌರವ್ವ ಒಂದೇ ನೆಗೆತಕ್ಕೆ ಆ ದನಿ ಕಡೆ ಹಾರಿ ಕಲ್ಲಿನ ಸಂದಿಗೆ ಬಿದ್ಳು. ಕೊಕ್ಕರೆ ಕುಕ್ಕಿದ್ದು ಬರೀ ಕೆಸರು. ಕೊಕ್ಕು ಒದರ್ಕೊಂಡು ಹಾರಿ ಹೋಯ್ತು.

ಆಮೇಲೆ ಇಬ್ಬರೂ ಹೊಂಡಕ್ಕೆ ಬಂದ್ರು. ಗೌರವ್ವ ಮುಂದೆ, ನಿಂಗ ಹಿಂದೆ.

"ಬೋರಾ, ನಿನ್ನ ದನಿ ಅರ್ಧ ಇಲ್ಲಿತ್ತು, ಅರ್ಧ ಕಲ್ಲುಗುಡ್ಡೇಲಿತ್ತು. ಅದ್ಯಾಕೋ?" ಅಂದ್ಳು ಗೌರವ್ವ.

"ಅದು ನನ್ನ ದನಿ ಅಲ್ಲ ಅಕ್ಕ. ನಿಂಗನದು."

"ಅಯ್ಯೋ ಪೆದ್ದೇ, ದೂರದಲ್ಲಿರೋರಿಗೆ ನಿಂದು ಅವನದು ಅಂತ ಬೇರೆ ಬೇರೆ ಕೇಳ್ತದಾ? ಒಂಬತ್ತು ಮಳೆಯಿಂದ ನನಗೆ ಕೇಳ್ತಿರೋದು ಒಂದೇ ದನಿ."

ಬೋರಣ್ಣ ನಿಂಗನ ಕಡೆ ತಿರುಗ್ದ. "ನಾನು ಉಸಿರು ತಗೊಂಡಾಗೆಲ್ಲ ನೀನು ಎತ್ಕೊಳ್ತಿದ್ಯಾ? ಯಾವತ್ತೂ ಹೇಳ್ಲಿಲ್ವಲ್ಲೋ!"

"ಹೇಳೋಕೆ ಎಲ್ಲಿ ಪುರಸೊತ್ತಣ್ಣ? ನಿನ್ನ ಗಂಟಲಚೀಲ ನೋಡ್ತಾ ಇರ್ಬೇಕಲ್ಲ."

ಗೌರವ್ವ ನಕ್ಳು. "ಮುದ್ದಜ್ಜನ ಎಡಗಡೆ ಯಾರು ಕೂರ್ತಿದ್ರು, ಮರೆತ್ಯಾ? ನೀನೇ ಅಲ್ವೇನೋ! ಆ ಮುದುಕನ ಗಂಟಲಿಂದ ಒಂದಿನಾನೂ ಕಣ್ಣು ತೆಗೀಲಿಲ್ಲ. ಅವನ ಉಸಿರು ಅಷ್ಟು ಉದ್ದ ಅಂತ ಹೊಂಡವೆಲ್ಲ ಕೊಂಡಾಡೋದು. ನಡುವೆ ಎತ್ಕೊಂಡೋನು ನಾನು ಅಂತ ಹೇಳ್ದೆ ನೀನು ಸುಮ್ಕೆ ಕೂತಿರ್ತಿದ್ದೆ."

ಬೋರಣ್ಣನಿಗೆ ಆ ಸಂಜೆಗಳು ಕಣ್ಮುಂದೆ ಬಂದ್ವು. ಮುದ್ದಜ್ಜನ ಸುಕ್ಕುಗಟ್ಟಿದ ಗಂಟಲು, ಅದು ಇಳಿಯೋ ಗಳಿಗೆ, ಆಗ ಪುಟ್ಟ ಬೋರ ದನಿ ಎತ್ಕೊಂಡಿದ್ದು. ಅರವತ್ತು ಗಂಟಲ ನಡುವೆ ಅದು ಅವರಿಬ್ಬರಿಗೆ ಮಾತ್ರ ಗೊತ್ತು ಅಂತ ಆಗ ಅಂದ್ಕೊಂಡಿದ್ದ ವಿಷಯ. ಅಷ್ಟು ಚೆಂದದ್ದನ್ನೇ ಮರೆತು ಮಿಕ್ಕಿದ್ದೆಲ್ಲ ನೆನಪಿಟ್ಕೊಂಡಿದ್ನಲ್ಲ!

ಬೋರಣ್ಣ ಗುಳಿಯಿಂದ ಎದ್ದು ಎಡಕ್ಕೆ ಸರಿದು ಕೂತ.

"ಏನ್ಲಾ ನಿಂಗ, ಮಿಕಮಿಕ ನೋಡ್ತೀಯ? ಗುಳೀಲಿ ಕೂತ್ಕೋ. ಇನ್ನೂ ಎಷ್ಟೋ ಜನ ಹೊಲದಲ್ಲವ್ರೆ. ನೀನು ಎಳಿ, ನಿನ್ನ ಗಂಟಲು ನಾನು ನೋಡ್ಕೋತೀನಿ."

ನೀತಿ: ನಾನೊಬ್ಬನೇ ಸಾಕು ಅನ್ನೋನು, ತಾನು ಉಸಿರು ತಗೊಂಡಾಗ ಹಾಡ್ತಿದ್ದೋರು ಯಾರು ಅಂತ ಮೊದಲು ತಿಳ್ಕೋಬೇಕು.