ಶಿಖರದ ಎಡಹೆಗಲು

ದಟ್ಟ ಕಾಡಿನ ನಡುವೆ ಒಂದು ಎತ್ತರದ ಶಿಖರವಿತ್ತು. ಮೋಡಗಳು ಅದರ ಪಡುವಣ ಮಗ್ಗುಲಿಗೆ ಬಡಿದು ಅಲ್ಲೇ ಮಳೆ ಸುರಿಸುತ್ತಿದ್ದವು. ಮೂಡಣ ಮಗ್ಗುಲಿಗೆ ಬರೀ ಒಣಗಾಳಿ ಇಳಿಯುತ್ತಿತ್ತು. ಒಂದು ಬೇಸಿಗೆಯಲ್ಲಿ ಅಲ್ಲಿದ್ದ ಕೊನೆಯ ಹೊಂಡವೂ ಬತ್ತಿತು.

"ನಮ್ಮ ಮಳೆಗೆ ಅಡ್ಡ ನಿಂತವನು ಇವನೇ. ಇವನ ಹತ್ತಿರ ಯಾರೂ ಸುಳಿಯಬೇಡಿ," ಎಂದು ಮೂಡಣದ ಕಡವೆಗಳ ಹಿರಿಯ ಗುಡುಗಿತು.

ಮರಿ ಹಾಕಿದ್ದ ಒಂದು ಹೆಣ್ಣು ಕಡವೆ ಮಾತ್ರ ಬಂಡೆಗಳನ್ನು ಹತ್ತಿ ಶಿಖರದ ಬುಡಕ್ಕೆ ಹೋಯಿತು.

"ಪರ್ವತರಾಜನೇ, ಸ್ವಲ್ಪ ಬಗ್ಗು. ಮೋಡ ಈಚೆ ಬರಲಿ. ನನ್ನ ಕೆಚ್ಚಲಲ್ಲಿ ಹಾಲಿಲ್ಲ."

"ಬಗ್ಗುವುದು ನನ್ನಿಂದಾಗದು, ತಾಯಿ," ಎಂದಿತು ಶಿಖರ. "ಆದರೆ ನನ್ನ ಎಡಹೆಗಲ ಕೆಳಗೆ ಒಂದು ತಗ್ಗಿದೆ. ಮುಂದಿನ ಬಂಡೆ ಅದನ್ನು ಮರೆಮಾಡಿದೆ. ದಾಟಿದರೆ ತೊರೆ ಸಿಗುತ್ತದೆ."

"ಇಷ್ಟು ಕಾಲ ಏಕೆ ಹೇಳಲಿಲ್ಲ?"

"ಹೇಳುತ್ತಲೇ ಇದ್ದೆ. ಕೇಳಿಸುವಷ್ಟು ಹತ್ತಿರ ಬಂದವಳು ನೀನೇ ಮೊದಲು."

ತಾಯಿ ಕಡವೆ ಓಡಿಬಂದು ಹಿಂಡಿಗೆ ತಿಳಿಸಿತು.

"ಶತ್ರುವಿನ ಮಾತನ್ನು ನಂಬುವೆಯಾ?" ಎಂದಿತು ಹಿರಿಯ.

"ಇಲ್ಲೇ ನಿಂತರೆ ಮರಿ ಉಳಿಯದು. ನಾನು ಹೋಗಿ ನೋಡುತ್ತೇನೆ," ಎಂದು ತಾಯಿ ಮರಿಯೊಡನೆ ಹೊರಟಿತು. ಒಂದೊಂದಾಗಿ ಉಳಿದವೂ ಹಿಂಬಾಲಿಸಿದವು; ಎಲ್ಲಕ್ಕಿಂತ ಕೊನೆಗೆ ಹಿರಿಯ.

ಬಂಡೆಯನ್ನು ಬಳಸಿದೊಡನೆ ತಗ್ಗು ಕಂಡಿತು. ತಣ್ಣನೆಯ ಗಾಳಿ ಮೂಗಿಗೆ ಬಡಿಯಿತು. ಕೆಳಗೆ ತೊರೆ ಹರಿಯುತ್ತಿತ್ತು. ಬಾಯಾರಿದ ಹಿಂಡು ಒಮ್ಮೆಲೇ ನುಗ್ಗಿದಾಗ ಹಿರಿಯ ಮುಂದೆ ಬಂದು ಎಲ್ಲರನ್ನೂ ತಡೆಯಿತು.

"ಮೊದಲು ಅವಳ ಮರಿ ಕುಡಿಯಲಿ," ಎಂದಿತು.